ಬೆಂಜೀನ್, ಹಾವಿನ ಕನಸು ಮತ್ತು ಚಪ್ಪಲಿ ಅಂಟಿಸುವವರು

ಪಿಯುಸಿಯಲ್ಲಿ ಸೈನ್ಸ್ ತೊಗೊಂಡವರಿಗೆಲ್ಲ ಬೆಂಜೀನ್ ಗೊತ್ತಿರುತ್ತೆ. ಆರು ಮೂಲೆಯ ಚಿತ್ರ, ಒಳಗೊಂದು ಸೊನ್ನೆ. ಅದರ ಜೊತೆಗೆ ಕೆಕುಲೆಯ ಹಾವಿನ ಕಥೆಯನ್ನೂ ಮೇಷ್ಟ್ರು ಹೇಳೇ ಹೇಳಿರುತ್ತಾರೆ. ಬೆಂಕಿಯ ಮುಂದೆ ತೂಕಡಿಸುತ್ತಿದ್ದ ಜರ್ಮನಿಯ ಆ ವಿಜ್ಞಾನಿಗೆ ತನ್ನ ಬಾಲವನ್ನು ತಾನೇ ಕಚ್ಚಿಕೊಂಡ ಹಾವು ಕನಸಲ್ಲಿ ಕಂಡಿತಂತೆ, ಅದರಿಂದ ಉಂಗುರದ ರಚನೆ ಹೊಳೆಯಿತಂತೆ. ಕೆಕುಲೆ ಆ ರಚನೆಯನ್ನು ಪ್ರಕಟಿಸಿದ್ದು 1865ರಲ್ಲಿ, ಕನಸಿನ ಕಥೆ ಹೇಳಿದ್ದು 1890ರಲ್ಲಿ, ಅದೂ ಒಂದು ಸನ್ಮಾನ ಸಮಾರಂಭದಲ್ಲಿ. ಸನ್ಮಾನದ ಭಾಷಣದಲ್ಲಿ ಹೇಳಿದ್ದನ್ನು ಎಷ್ಟು ನಂಬಬೇಕೋ ಅಷ್ಟು ನಂಬಿ :-)

ನಾನು ಬರೆಯಹೊರಟಿದ್ದು ಅದನ್ನಲ್ಲ. ಈ ಷಟ್ಕೋನ ಕಪ್ಪು ಹಲಗೆಯಿಂದ ಇಳಿದು ಕಾರ್ಖಾನೆಗೆ ಹೋದ ಮೇಲೆ ಏನಾಯಿತು ಅನ್ನೋದು ನಮ್ಮ ಪಠ್ಯದಲ್ಲಿ ಇರಲಿಲ್ಲ. ಇಂಜಿನಿಯರಿಂಗ್ ಕೆಮಿಸ್ಟ್ರಿಯಲ್ಲೂ ಇರಲಿಲ್ಲ.

ಮೊದಲು ಹೆಸರಿನ ವಿಷಯ. 1825ರಲ್ಲಿ ಮೈಕೆಲ್ ಫ್ಯಾರಡೆ (ಹೌದು, ವಿದ್ಯುತ್ತಿನ ಫ್ಯಾರಡೆಯೇ) ದೀಪದ ಗ್ಯಾಸ್ ತಯಾರಿಸುವಾಗ ಉಳಿಯುತ್ತಿದ್ದ ಎಣ್ಣೆಯಂಥ ದ್ರವದಿಂದ ಇದನ್ನು ಬೇರ್ಪಡಿಸಿದ. ಹತ್ತು ವರ್ಷ ಕಳೆಯುವುದರೊಳಗೆ ಮಿಚರ್ಲಿಖ್ ಎಂಬಾತ ಬೆಂಜೋಯಿಕ್ ಆಮ್ಲವನ್ನು ಸುಣ್ಣದ ಜೊತೆ ಕಾಯಿಸಿ ಅದೇ ದ್ರವ ಪಡೆದ. ಆ ಆಮ್ಲ ಸಿಗುತ್ತಿದ್ದುದು ಬೆಂಜೋಯಿನ್ ಎಂಬ ಮರದ ಅಂಟಿನಿಂದ, ಅಂದರೆ ನಮ್ಮ ಸಾಂಬ್ರಾಣಿಯಿಂದ! ಅರಬರು ಇದನ್ನು 'ಲುಬಾನ್ ಜಾವಿ', ಜಾವಾದ ಧೂಪ ಅಂತ ಕರೆಯುತ್ತಿದ್ದರು. ಅದು ಯುರೋಪಿನವರ ಬಾಯಲ್ಲಿ ಸವೆದು ಸವೆದು ಬೆಂಜೋಯಿನ್ ಆಗಿ, ಕೊನೆಗೆ ಬೆಂಜೀನ್ ಆಯಿತು. ಮಗುವಿಗೆ ಎಣ್ಣೆಸ್ನಾನ ಮಾಡಿಸಿ ಧೂಪ ಹಾಕುವ ಸಾಂಬ್ರಾಣಿಗೂ ಈ ವಿಷಕ್ಕೂ ಹೆಸರಿನ ನಂಟು.

ಕಲ್ಲಿದ್ದಲ ಡಾಂಬರಿನಿಂದ ಇದನ್ನು ಹೇರಳವಾಗಿ ತೆಗೆಯುವ ದಾರಿ ತೋರಿಸಿದವನು ಇಂಗ್ಲೆಂಡಿನ ಚಾರ್ಲ್ಸ್ ಮ್ಯಾನ್ಸ್‌ಫೀಲ್ಡ್. 1855ರಲ್ಲಿ ಪ್ಯಾರಿಸ್ಸಿನ ವಸ್ತುಪ್ರದರ್ಶನಕ್ಕೆ ಸ್ಯಾಂಪಲ್ ತಯಾರಿಸುತ್ತಿದ್ದಾಗ ಭಟ್ಟಿಗೆ ಬೆಂಕಿ ಹತ್ತಿತು. ಉರಿಯುತ್ತಿದ್ದ ಭಟ್ಟಿಯನ್ನು ಹೊರಗೆ ಸಾಗಿಸಲು ಹೋಗಿ ಮೈ ಸುಟ್ಟುಕೊಂಡು ಕೆಲವೇ ದಿನಗಳಲ್ಲಿ ತೀರಿಕೊಂಡ. ಬೆಂಜೀನ್ ಸೊನ್ನೆಗಿಂತ ಹನ್ನೊಂದು ಡಿಗ್ರಿ ಕೆಳಗಿನ ಚಳಿಯಲ್ಲೂ ಬೆಂಕಿ ಹತ್ತುವಷ್ಟು ಆವಿ ಬಿಡುತ್ತೆ. ಆ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ದೂರದ ಕಿಡಿಯನ್ನು ಹುಡುಕಿಕೊಂಡು ಹೋಗುತ್ತೆ. ಆದರೆ ಬೆಂಕಿ ಕಣ್ಣಿಗೆ ಕಾಣುವ ಶತ್ರು. ಎಲ್ಲರೂ ಬೇಗ ಹುಷಾರಾದರು. ಕಾಣದೇ ಇದ್ದದ್ದು ಇನ್ನೊಂದು.

ಸಾಲ್ವೆಂಟ್ ಆಗಿ ಬೆಂಜೀನ್‌ನಂಥದ್ದು ಇನ್ನೊಂದಿಲ್ಲ. ರಬ್ಬರ್ ಕರಗಿಸುತ್ತೆ, ಜಿಡ್ಡು ಕರಗಿಸುತ್ತೆ, ಬೇಗ ಆರುತ್ತೆ, ಅಗ್ಗ, ವಾಸನೆಯೂ ಹಿತವೇ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಜರ್ಮನಿಯಲ್ಲಿ ಕಾಫಿ ಬೀಜದಿಂದ ಕೆಫೀನ್ ತೆಗೆಯಲು ಬೆಂಜೀನ್ ಬಳಸುತ್ತಿದ್ದರು. (ಕಾಫಿಗೆ ಚಿಕೋರಿ ಬೆರೆಸುವುದಕ್ಕೇ ಜಗಳ ತೆಗೆಯುವವರು ನಾವು.) ಲ್ಯಾಬುಗಳಲ್ಲಿ ಕೈ ತೊಳೆಯುವುದಕ್ಕೂ ಇದೇ ಆಗಿತ್ತು.

1897ರಲ್ಲಿ ಸ್ವೀಡನ್ನಿನ ಉಪ್ಸಾಲಾದಿಂದ ಒಂದು ವರದಿ ಬಂತು. ಸೈಕಲ್ ಟೈರ್ ಕಾರ್ಖಾನೆಯಲ್ಲಿ ಬೆಂಜೀನಿನಲ್ಲಿ ಕರಗಿಸಿದ ರಬ್ಬರ್ ಅಂಟು ಹಚ್ಚುತ್ತಿದ್ದ ಯುವತಿಯರಲ್ಲಿ ನಾಲ್ವರು ಸತ್ತಿದ್ದರು. ಈ ಕಾಯಿಲೆ ಬರುವ ರೀತಿ ಬಲು ಮೋಸದ್ದು. ಮೊದಲು ಬರೀ ಸುಸ್ತು. ಆಮೇಲೆ ಒಸಡಿನಲ್ಲಿ ರಕ್ತ, ಪೆಟ್ಟು ಬೀಳದೆಯೂ ಮೈಮೇಲೆ ನೀಲಿ ಕಲೆ. ರಕ್ತ ಹುಟ್ಟುವ ಜಾಗವಾದ ಮೂಳೆಯ ಮಜ್ಜೆಯೇ ಒಣಗುತ್ತಾ ಬಂದಿರುತ್ತೆ. ಕೆಲವು ವರ್ಷಗಳ ನಂತರ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಡಬ್ಬಿ ಸೀಲ್ ಮಾಡುವ ಕಾರ್ಖಾನೆಯ ಹುಡುಗಿಯರಲ್ಲೂ ಇದೇ ಕಂಡಿತು.

ಇಲ್ಲೊಂದು ವಿಚಿತ್ರ. ಬೆಂಜೀನ್ ಬಿಳಿ ರಕ್ತಕಣಗಳನ್ನು ಕೊಲ್ಲುತ್ತೆ ಅಂತ ಗೊತ್ತಾದ ಮೇಲೆ 1912ರಲ್ಲಿ ಬುಡಾಪೆಸ್ಟಿನ ಕೊರಾನ್ಯಿ ಎಂಬ ವೈದ್ಯ ಅದನ್ನೇ ಲ್ಯುಕೇಮಿಯಾ ರೋಗಿಗಳಿಗೆ ಔಷಧಿಯಾಗಿ ಕೊಡಲು ಶುರುಮಾಡಿದ. ಬಿಳಿ ಕಣ ಹೆಚ್ಚಾಗುವ ರೋಗ, ಬಿಳಿ ಕಣ ಇಳಿಸುವ ವಸ್ತು, ಲೆಕ್ಕ ಸರಿಯಿದೆಯಲ್ಲ? ಆ ವಸ್ತುವೇ ಲ್ಯುಕೇಮಿಯಾ ತರುತ್ತೆ ಎಂಬ ಅನುಮಾನವನ್ನು 1928ರಲ್ಲಿ ಫ್ರಾನ್ಸಿನ ಇಬ್ಬರು ವೈದ್ಯರು ಬರೆದಿಟ್ಟರು.

ಮೊದಲ ಮಹಾಯುದ್ಧದಲ್ಲಿ ಸಿಡಿಮದ್ದಿಗೆಂದು ಬೆಂಜೀನ್, ಟಾಲ್ವೀನ್ ಬೇಕಾಬಿಟ್ಟಿ ತಯಾರಾಯಿತು. ಯುದ್ಧ ಮುಗಿದ ಮೇಲೆ ಅಷ್ಟೊಂದು ಬೆಂಜೀನ್ ಎಲ್ಲಿಗೆ ಹಾಕುವುದು? ಪೇಂಟ್, ರಬ್ಬರ್, ಚರ್ಮದ ಅಂಟು, ಹೀಗೆ ಎಲ್ಲದಕ್ಕೂ. ಹಾರ್ವರ್ಡಿನ ಮೊದಲ ಮಹಿಳಾ ಅಧ್ಯಾಪಕಿ ಆಲಿಸ್ ಹ್ಯಾಮಿಲ್ಟನ್ 1922ರಲ್ಲೇ ಈ ಅಪಾಯ ಬೆಳೆಯುತ್ತಿದೆ ಅಂತ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. 1926ರಲ್ಲಿ ಅಮೆರಿಕದ ನ್ಯಾಷನಲ್ ಸೇಫ್ಟಿ ಕೌನ್ಸಿಲ್ ಕೆಲಸಗಾರರ ರಕ್ತ ಪರೀಕ್ಷೆ ಮಾಡಿಸಿದಾಗ ಸುಮಾರು ಮೂರನೇ ಒಂದು ಪಾಲು ಜನರಲ್ಲಿ ಬಿಳಿ ಕಣ ಕುಸಿದಿತ್ತು. ಬೇರೆ ಸಾಲ್ವೆಂಟ್ ಬಳಸಿ ಅಂತ ಆ ವರದಿಯೇ ಹೇಳಿತು. ಅಂದರೆ ನೂರು ವರ್ಷದ ಹಿಂದೆಯೇ ಉತ್ತರ ಗೊತ್ತಿತ್ತು.

ಇನ್ನು ಅಂಕಿಗಳಿಗೆ ಬರೋಣ. ಪಿಪಿಎಂ ಅಂದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಎಷ್ಟು ಪಾಲು ಅಂತ. ಅಮೆರಿಕದ ಕೈಗಾರಿಕಾ ಆರೋಗ್ಯ ತಜ್ಞರ ಸಂಘ 1946ರಲ್ಲಿ ಕೊಟ್ಟ ಮಿತಿ 100 ಪಿಪಿಎಂ. ಮರುವರ್ಷ 50, 1948ರಲ್ಲಿ 35, ಆಮೇಲೆ 25, 1977ರ ಹೊತ್ತಿಗೆ 10. ಕಾನ್ಫಿಗ್ ಫೈಲಿನಲ್ಲಿ ಥ್ರೆಶೋಲ್ಡ್ ಬದಲಾಯಿಸುವ ನಮಗೆ ಈ ಥರ ಅಂಕಿ ಇಳಿಯುವುದು ಹೊಸದಲ್ಲ, ಪ್ರೊಡಕ್ಷನ್ ಬಿದ್ದಾಗ ಇನ್ನಷ್ಟು ಇಳಿಸುತ್ತೇವೆ. ಇಲ್ಲಿ ಬೀಳುತ್ತಿದ್ದುದು ಮನುಷ್ಯರು. ಇನ್ನೂ ಆಶ್ಚರ್ಯ ಏನೆಂದರೆ 1948ರಲ್ಲಿ ಅಮೆರಿಕದ ಪೆಟ್ರೋಲಿಯಂ ಕಂಪನಿಗಳ ಒಕ್ಕೂಟವೇ ಹೊರತಂದ ಒಂದು ವರದಿ, ನಿಜಕ್ಕೂ ಅಪಾಯವಿಲ್ಲದ ಪ್ರಮಾಣ ಸೊನ್ನೆ ಮಾತ್ರ ಅಂತ ಒಪ್ಪಿಕೊಂಡಿತ್ತು.

ಈಗ ಟರ್ಕಿಗೆ ಹೋಗೋಣ. ಇಸ್ತಾನ್‌ಬುಲ್‌ನ ಹಳೇ ಬೀದಿಗಳಲ್ಲಿ ಬೂಟು, ಚಪ್ಪಲಿ, ಬ್ಯಾಗು ಮಾಡುವ ಸಣ್ಣ ಸಣ್ಣ ಕೋಣೆಗಳು. ಕಿಟಕಿ ಇದ್ದರೂ ಚಳಿಗೆ ಮುಚ್ಚಿದ್ದು. 1960ರ ದಶಕದ ಆರಂಭದಲ್ಲಿ ಅಲ್ಲಿಗೆ ಬೆಂಜೀನ್ ಇರುವ ಅಂಟು ಬಂತು. ಹಳೇ ಅಂಟಿಗಿಂತ ಅಗ್ಗ, ಬೇಗ ಆರುತ್ತೆ. ಜೋಡಿಗಿಷ್ಟು ಅಂತ ಕೂಲಿ ಸಿಗುವ ಕೆಲಸದಲ್ಲಿ ಬೇಗ ಆರುವ ಅಂಟನ್ನು ಬೇಡ ಅನ್ನುವವರು ಯಾರು? ಕೆಲವು ವರ್ಷಗಳಲ್ಲಿ ಇಸ್ತಾನ್‌ಬುಲ್ ವಿಶ್ವವಿದ್ಯಾಲಯದ ರಕ್ತರೋಗ ತಜ್ಞ ಮುಜಾಫರ್ ಅಕ್ಸೋಯ್ ಅವರ ಹತ್ತಿರ ಮಜ್ಜೆ ಒಣಗಿದ ರೋಗಿಗಳು ಬರತೊಡಗಿದರು. ಕಸುಬು ಏನು ಅಂತ ಕೇಳಿದರೆ ಮತ್ತೆ ಮತ್ತೆ ಒಂದೇ ಉತ್ತರ. ವೈದ್ಯರು ರೋಗಿಯ ಕಸುಬನ್ನು ಕೇಳಲೇಬೇಕು ಅಂತ ಇಟಲಿಯ ರಾಮಝ್ಝೀನಿ 1700ರಲ್ಲೇ ಬರೆದಿದ್ದ. ಕೇಳುವವರು ಈಗಲೂ ಕಡಿಮೆ.

ಅಕ್ಸೋಯ್ ಲೆಕ್ಕ ಇಟ್ಟರು. 1967ರಿಂದ 1973ರವರೆಗೆ ಚಪ್ಪಲಿ ಕೆಲಸಗಾರರಲ್ಲಿ 26 ಮಂದಿಗೆ ಲ್ಯುಕೇಮಿಯಾ ಅಥವಾ ಅದರ ಮುಂಚಿನ ಸ್ಥಿತಿ. ಆ ಕಸುಬಿನಲ್ಲಿದ್ದವರು ಸುಮಾರು 28,500. ವರ್ಷಕ್ಕೆ ಲಕ್ಷಕ್ಕೆ 13ರ ಪ್ರಮಾಣ, ಉಳಿದ ಜನರಲ್ಲಿ ಅದು 6ರಷ್ಟು. ಕೋಣೆಗಳ ಗಾಳಿಯಲ್ಲಿ ಬೆಂಜೀನ್ ಕೆಲವು ಕಡೆ ನೂರಾರು ಪಿಪಿಎಂ ಮುಟ್ಟಿತ್ತು. ಅವರು ಸರಾಸರಿ ಹತ್ತು ವರ್ಷದ ಹತ್ತಿರ ಅಂಟಿನ ಜೊತೆ ಇದ್ದವರು. 1974ರಲ್ಲಿ ಈ ಲೇಖನ ಪ್ರಕಟವಾಯಿತು. ಅಷ್ಟರಲ್ಲಿ ಅಲ್ಲಿ ಬೆಂಜೀನ್ ಅಂಟು ಹಂತಹಂತವಾಗಿ ಹಿಂದೆ ಸರಿಯತೊಡಗಿತ್ತು, ಆಮೇಲೆ ಹೊಸ ರೋಗಿಗಳೂ ಕಡಿಮೆಯಾಗುತ್ತಾ ಹೋದರು. ದೊಡ್ಡ ಪ್ರಯೋಗಾಲಯ ಇಲ್ಲ, ಕಂಪನಿಯ ದಾಖಲೆ ಇಲ್ಲ. ಹೊರರೋಗಿ ವಿಭಾಗದಲ್ಲಿ ಕೂತು ಒಂದೇ ಪ್ರಶ್ನೆ ಕೇಳಿದ ಈ ವೈದ್ಯರ ಬಗ್ಗೆ ಓದುತ್ತಿದ್ದಾಗ ನನಗೆ ಕೆಕುಲೆಗಿಂತ ಇವರೇ ಹತ್ತಿರ ಅನ್ನಿಸಿದರು.

ಬೆಂಜೀನಿನ ತಮ್ಮನಂತಿರುವ ಟಾಲ್ವೀನ್ ಯಾಕೆ ಹೀಗೆ ಮಾಡುವುದಿಲ್ಲ? ಟಾಲ್ವೀನ್ ಅಂದರೆ ಅದೇ ಷಟ್ಕೋನ, ಆದರೆ ಒಂದು ಮೂಲೆಗೆ ಸಣ್ಣ ಮಿಥೈಲ್ ಬಾಲ. ನಮ್ಮ ಲಿವರ್ ಆ ಬಾಲವನ್ನು ಹಿಡಿದು ಬೆಂಜೋಯಿಕ್ ಆಮ್ಲ ಮಾಡಿ (ಮತ್ತೆ ಸಾಂಬ್ರಾಣಿ!) ಮೂತ್ರದಲ್ಲಿ ಹೊರಗೆ ಕಳಿಸುತ್ತೆ. ಬೆಂಜೀನಿಗೆ ಹಿಡಿಯಲು ಬಾಲವಿಲ್ಲ, ಹಾಗಾಗಿ ಲಿವರ್ ಉಂಗುರಕ್ಕೇ ಕೈ ಹಾಕಬೇಕು. ಆಗ ಹುಟ್ಟುವ ತುಣುಕುಗಳು ಮಜ್ಜೆಗೆ ಹೋಗಿ ಕ್ವಿನೋನ್‌ಗಳಾಗಿ ಅಲ್ಲಿನ ಮೂಲಕೋಶಗಳ ಡಿಎನ್ಎ ಕೆಡಿಸುತ್ತವೆ. ಹಾಗಂತ ಟಾಲ್ವೀನ್ ಸಾಧು ಅಲ್ಲ, ಅದು ನರಗಳಿಗೆ ಕೆಟ್ಟದ್ದು.

ಅಮೆರಿಕದ ಕಥೆ ಇನ್ನೂ ಮುಗಿದಿಲ್ಲ. 1977ರಲ್ಲಿ ಒಹಾಯೋದ ರಬ್ಬರ್ ಹಾಳೆ ಕಾರ್ಖಾನೆಗಳ 748 ಕೆಲಸಗಾರರ ಅಧ್ಯಯನ ಹೊರಬಂತು, ಲ್ಯುಕೇಮಿಯಾ ಅಪಾಯ ಕನಿಷ್ಠ ಐದು ಪಟ್ಟು. ಕಾರ್ಮಿಕರ ಸುರಕ್ಷತೆಯ ಸರ್ಕಾರಿ ಸಂಸ್ಥೆ ಓಶಾ 1978ರಲ್ಲಿ ಮಿತಿಯನ್ನು 10ರಿಂದ 1ಕ್ಕೆ ಇಳಿಸಿತು. ಪೆಟ್ರೋಲಿಯಂ ಒಕ್ಕೂಟ ಕೋರ್ಟಿಗೆ ಹೋಯಿತು. ಅದೇ, ಮೂವತ್ತು ವರ್ಷ ಹಿಂದೆ ಸೊನ್ನೆಯೇ ಸುರಕ್ಷಿತ ಅಂದಿದ್ದ ಒಕ್ಕೂಟ! 1980ರಲ್ಲಿ ಸುಪ್ರೀಂ ಕೋರ್ಟ್ ಐದು-ನಾಲ್ಕರಲ್ಲಿ ಓಶಾದ ನಿಯಮ ರದ್ದು ಮಾಡಿತು. 10 ಪಿಪಿಎಂನಲ್ಲಿ ಗಣನೀಯ ಅಪಾಯವಿದೆ ಅಂತ ಮೊದಲು ತೋರಿಸಿ ಅಂತ. ತೋರಿಸಿ, ಲೆಕ್ಕ ಹಾಕಿ, ಅದೇ 1 ಪಿಪಿಎಂ ಮತ್ತೆ ಬರಲು 1987 ಆಯಿತು. ಈ ಹತ್ತು ವರ್ಷದ ತಡದಿಂದ 30ರಿಂದ 490ರವರೆಗೆ ಹೆಚ್ಚುವರಿ ಲ್ಯುಕೇಮಿಯಾ ಸಾವುಗಳಾಗುತ್ತವೆ ಅಂತ ಇಬ್ಬರು ಸಂಶೋಧಕರು 1989ರಲ್ಲಿ ಅಂದಾಜು ಮಾಡಿದರು. ನ್ಯಾಯಾಧೀಶರು ಪುರಾವೆ ಕೇಳಿದ್ದು ತಪ್ಪು ಅಂತ ಪೂರ್ತಿ ಹೇಳಲಾರೆ. ಆದರೆ ಪುರಾವೆ ಅಂದರೆ ಇಲ್ಲಿ ಮತ್ತಷ್ಟು ಹೆಣ ಅಂತಲೇ ಅರ್ಥ.

ಈಗ ಬಳಸಲೇಬೇಕಾದ ಕಡೆ ಬೆಂಜೀನ್ ಮುಚ್ಚಿದ ಪೈಪು, ಟ್ಯಾಂಕುಗಳೊಳಗೇ ಓಡಾಡುತ್ತೆ. ಆವಿಯನ್ನು ಹುಟ್ಟುವ ಜಾಗದಲ್ಲೇ ಹೀರುವ ವ್ಯವಸ್ಥೆ, ಕೆಲಸಗಾರರ ಮೂತ್ರ ಮತ್ತು ರಕ್ತದ ಪರೀಕ್ಷೆ ಇರಬೇಕು. ಮಾಮೂಲಿ ಲ್ಯಾಟೆಕ್ಸ್ ಗ್ಲೌಸ್ ಇದಕ್ಕೆ ಉಪಯೋಗವಿಲ್ಲ, ಬೆಂಜೀನ್ ಅದರೊಳಗಿಂದ ಹಾದುಬರುತ್ತೆ. ಮೂಗನ್ನೂ ನಂಬುವ ಹಾಗಿಲ್ಲ, ವಾಸನೆ ಬರುವ ಹೊತ್ತಿಗೆ 1 ಪಿಪಿಎಂ ದಾಟಿಯಾಗಿರುತ್ತೆ. ಬಟ್ಟೆಯ ಮಾಸ್ಕ್ ಆವಿಯನ್ನು ತಡೆಯುವುದೇ ಇಲ್ಲ. ನಮ್ಮ ಕೈಯಲ್ಲಿರುವ ಫೋನಿಗೂ ಇದು ಸಂಬಂಧಿಸಿದ್ದೇ: ಆಪಲ್ ತನ್ನ ಫೋನುಗಳ ಅಂತಿಮ ಜೋಡಣೆಯಲ್ಲಿ ಬೆಂಜೀನ್ ನಿಷೇಧಿಸಿದ್ದು 2014ರಲ್ಲಿ. ಹ್ಯಾಮಿಲ್ಟನ್ ಬರೆದು 92 ವರ್ಷಗಳ ಮೇಲೆ.

ನಮ್ಮ ಬಂಕುಗಳ ಬಿಎಸ್-6 ಪೆಟ್ರೋಲಿನಲ್ಲಿ ಬೆಂಜೀನ್ ಶೇಕಡಾ 1ರವರೆಗೆ ಇರಬಹುದು. ಟ್ಯಾಂಕ್ ತುಂಬಿಸುವಾಗ ನಾವು ಎರಡು ನಿಮಿಷ ನಿಲ್ಲುತ್ತೇವೆ, ಪೈಪು ಹಿಡಿದ ಹುಡುಗ ಇಡೀ ಶಿಫ್ಟ್ ನಿಲ್ಲುತ್ತಾನೆ. ಯುರೋಪಿನ ಒಕ್ಕೂಟ ಕೆಲಸದ ಜಾಗದ ಮಿತಿಯನ್ನು 2024ರಲ್ಲಿ 0.5ಕ್ಕೆ ಇಳಿಸಿ, 2026ರ ಏಪ್ರಿಲ್‌ನಿಂದ 0.2 ಅಂತ ಗೊತ್ತುಮಾಡಿತು. 1946ರಲ್ಲಿ 100 ಅಂದಿದ್ದ ಅಮೆರಿಕದ ತಜ್ಞರ ಸಂಘದ ಅಂಕಿ 2024ರಲ್ಲಿ 0.02ಕ್ಕೆ ಬಂದಿದೆ.