ಇದ್ದಲು ತಿಂದು ಓಡಿದ ಬಸ್ಸುಗಳು

ಎರಡನೇ ಮಹಾಯುದ್ಧದ ನಡುಗಾಲದಲ್ಲಿ ನಮ್ಮ ಕಡೆಯ ಬಸ್ಸುಗಳು ಗಡಿಯಾರ ನೋಡಿ ಹೊರಡುತ್ತಿರಲಿಲ್ಲ, ಕೆಂಡ ನೋಡಿ ಹೊರಡುತ್ತಿದ್ದವು. ಬಸ್ಸಿನ ಹಿಂಬದಿಗೆ ಆಳೆತ್ತರದ ಕಬ್ಬಿಣದ ಡ್ರಮ್ ಒಂದನ್ನು ಬಿಗಿದಿರುತ್ತಿದ್ದರು. ನಸುಕಿನಲ್ಲೇ ಬಂದ ಕ್ಲೀನರ್ ಹಿಂದಿನ ದಿನದ ಬೂದಿ ಕೆರೆದು ತೆಗೆದು, ಡ್ರಮ್ಮಿಗೆ ಇದ್ದಲು ಸುರಿದು, ಎಣ್ಣೆ ಬಟ್ಟೆಗೆ ಬೆಂಕಿ ಕೊಟ್ಟು, ಪಕ್ಕದ ಫ್ಯಾನಿನ ಹಿಡಿ ತಿರುಗಿಸತೊಡಗುತ್ತಿದ್ದ. ಮೊದಲು ಬರೀ ಹೊಗೆ. ಸ್ವಲ್ಪ ಹೊತ್ತಿನ ಮೇಲೆ ಕೊಳವೆಯ ಬಾಯಿಗೆ ಬೆಂಕಿಕಡ್ಡಿ ಹಿಡಿದು ನೋಡುವುದು. ಜ್ವಾಲೆ ಕಡಿಯದೆ ನಿಂತು ಉರಿದರೆ ಗ್ಯಾಸ್ ತಯಾರು. ಅಷ್ಟರಲ್ಲಿ ಪ್ರಯಾಣಿಕರು ಇನ್ನೊಂದು ಸುತ್ತು ಕಾಫಿ ಮುಗಿಸಿರುತ್ತಿದ್ದರು.

ಈ ಸಾಹಸಕ್ಕೆ ಕಾರಣ ಬರ್ಮಾದಲ್ಲಿತ್ತು. ಅಸ್ಸಾಮಿನ ದಿಗ್ಬೋಯಿಯಲ್ಲಿ 1901ರಿಂದ ಎಣ್ಣೆ ಶುದ್ಧೀಕರಣ ನಡೆಯುತ್ತಿತ್ತಾದರೂ ಅದು ಇಡೀ ದೇಶದ ಹಸಿವಿಗೆ ಸಾಲುವಂಥದ್ದಲ್ಲ. ಭಾರತಕ್ಕೆ ಬೇಕಾದ ಎಣ್ಣೆಯ ದೊಡ್ಡ ಪಾಲು ಬರ್ಮಾದಿಂದಲೂ ಹಡಗು ಹತ್ತಿ ದೂರದೇಶಗಳಿಂದಲೂ ಬರಬೇಕಿತ್ತು. ಯುದ್ಧ ಶುರುವಾದ ಮೇಲೆ ಹಡಗು, ಎಣ್ಣೆ ಎರಡೂ ಸೈನ್ಯದ ಪಾಲಾದವು. 1941ರಲ್ಲಿ ಪೆಟ್ರೋಲಿಗೆ ರೇಷನ್ ಬಂತು, ಕೂಪನ್ ಇಲ್ಲದೆ ಹನಿಯೂ ಸಿಗದಾಯಿತು. 1942ರ ಮಾರ್ಚಿನಲ್ಲಿ ರಂಗೂನ್ ಜಪಾನೀಯರ ಕೈಸೇರಿತು. ಮರುತಿಂಗಳು ಹಿಂದೆಗೆಯುತ್ತಿದ್ದ ಬ್ರಿಟಿಷರು, ಶತ್ರುವಿಗೆ ದಕ್ಕಬಾರದೆಂದು ಯೆನಾಂಜಾಂಗ್‌ನ ಎಣ್ಣೆಬಾವಿಗಳನ್ನು ತಾವೇ ಹಾಳುಗೆಡವಿದರು. ಮಲಯ ಕೈತಪ್ಪಿದ್ದರಿಂದ ರಬ್ಬರಿಗೂ ಬರ, ಅಂದರೆ ಟೈರಿಗೂ ಬರ.

ಬಸ್ ಮಾಲೀಕರಿಗೆ ಉಳಿದದ್ದು ಎರಡೇ ದಾರಿ: ಗಾಡಿಯನ್ನು ಶೆಡ್ಡಿಗೆ ಸೇರಿಸುವುದು, ಇಲ್ಲವೇ ಆ ಇದ್ದಲ ಡ್ರಮ್ಮಿನ ‘ಗ್ಯಾಸ್ ಪ್ಲಾಂಟ್’ ಹಾಕಿಸುವುದು.

ಪ್ಲಾಂಟು ಯುದ್ಧಕಾಲದ ಹೊಸ ಕಲ್ಪನೆಯೇನಲ್ಲ. ಫ್ರಾನ್ಸಿನ ಜಾರ್ಜ್ ಇಂಬರ್ಟ್ 1920ರ ದಶಕದಲ್ಲೇ ಸೌದೆಯಿಂದ ವಾಹನ ಓಡಿಸುವ ಒಲೆಯನ್ನು ರೂಪಿಸಿದ್ದ. ಪೆಟ್ರೋಲ್ ಅಗ್ಗವಾಗಿದ್ದಾಗ ಯಾರಿಗೆ ಬೇಕು ಮಸಿಯ ಸಹವಾಸ? ಯುದ್ಧ ಬಂದದ್ದೇ ತಡ, ಎಲ್ಲರಿಗೂ ಅವನ ನೆನಪಾಯಿತು. ಜರ್ಮನಿಯಲ್ಲಿ ಇಂಥ ವಾಹನಗಳು ಐದು ಲಕ್ಷದ ಹತ್ತಿರ ಹೋದವು. ಸ್ವೀಡನ್ ಯುದ್ಧಕ್ಕೆ ಇಳಿಯಲೇ ಇಲ್ಲ, ಆದರೂ ಸಮುದ್ರದ ದಾರಿ ಮುಚ್ಚಿದ್ದರಿಂದ ಅಲ್ಲಿ ಸುಮಾರು 70,000 ವಾಹನಗಳು ಸೌದೆ, ಇದ್ದಲು ತಿಂದೇ ಓಡಿದವು. ಎಣ್ಣೆ ತಾನೇ ತೆಗೆಯುತ್ತಿದ್ದ ಅಮೆರಿಕದಲ್ಲೂ 1942ರಲ್ಲಿ ರೇಷನ್ ಬಂತು. ಗಾಜಿಗೆ ‘ಎ’ ಚೀಟಿ ಅಂಟಿಸಿಕೊಂಡ ಸಾಮಾನ್ಯ ಕಾರಿಗೆ ವಾರಕ್ಕೆ 4 ಗ್ಯಾಲನ್, ಆಮೇಲೆ 3. ವೇಗದ ಮಿತಿ ಗಂಟೆಗೆ 35 ಮೈಲಿ. ಅಲ್ಲಿನ ಸರ್ಕಾರಕ್ಕೆ ಪೆಟ್ರೋಲಿಗಿಂತ ಟೈರಿನ ಚಿಂತೆಯೇ ಹೆಚ್ಚಾಗಿತ್ತು. ನಿಧಾನಕ್ಕೆ ಓಡಿದ ಟೈರು ಹೆಚ್ಚು ದಿನ ಬಾಳುತ್ತದೆ.

ಡ್ರಮ್ಮಿನೊಳಗೆ ನಡೆಯುವುದು ಸರಳ ರಸಾಯನ. ಸಾಕಷ್ಟು ಗಾಳಿ ಸಿಕ್ಕರೆ ಇದ್ದಲು ಉರಿದು ಬೂದಿಯಾಗುತ್ತದೆ. ಗಾಳಿಯನ್ನು ಬೇಕೆಂದೇ ಕಡಿಮೆ ಕೊಟ್ಟರೆ ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ನೀರಾವಿಯ ದೆಸೆಯಿಂದ ಒಂದಿಷ್ಟು ಜಲಜನಕವೂ ಸೇರುತ್ತದೆ. ಈ ಬಿಸಿ ಗ್ಯಾಸನ್ನು ಕೊಳವೆಗಳಲ್ಲಿ ತಣಿಸಿ, ಜರಡಿ ಹಿಡಿದು, ಗಾಳಿಯ ಜೊತೆ ಬೆರೆಸಿ ಎಂಜಿನ್ನಿಗೆ ಎಳೆದುಕೊಳ್ಳುವುದು. ಆದರೆ ಗ್ಯಾಸಿನ ಅರ್ಧದಷ್ಟು ಉರಿಯದ ಸಾರಜನಕವೇ. ಹಾಗಾಗಿ ಪೆಟ್ರೋಲಿಗೆಂದು ಮಾಡಿದ ಎಂಜಿನ್ನು ಇದ್ದಲ ಗ್ಯಾಸಿನಲ್ಲಿ ತನ್ನ ಶಕ್ತಿಯ ಮೂರನೇ ಒಂದು ಪಾಲನ್ನೋ ಅದಕ್ಕೂ ಹೆಚ್ಚನ್ನೋ ಕಳೆದುಕೊಳ್ಳುತ್ತಿತ್ತು. ಬಯಲುಸೀಮೆಯಲ್ಲಿ ಇದು ಹೇಗೋ ನಡೆದುಹೋಗುತ್ತಿತ್ತು. ಘಾಟಿಯಲ್ಲಿ ಮಾತ್ರ ಬಸ್ಸು ಏದುಸಿರು ಬಿಡುತ್ತಿತ್ತು; ಗಂಡಸರೆಲ್ಲ ಇಳಿದು ತಳ್ಳಿದ ಕಥೆಗಳನ್ನು ಆ ಕಾಲ ಕಂಡವರು ಕೊನೆಯತನಕ ಹೇಳಿಕೊಂಡು ನಗುತ್ತಿದ್ದರು. ಜಾಣ ಡ್ರೈವರು ಕೂಪನ್ನಿನ ಪೆಟ್ರೋಲನ್ನು ಏರಿಗೆಂದೇ ಎತ್ತಿಡುತ್ತಿದ್ದ: ಹೊರಡುವಾಗ ಚೂರು, ತಿರುವಿನ ಏರಿನಲ್ಲಿ ಚೂರು, ಮಿಕ್ಕಂತೆ ಕೆಂಡ.

ಇಳಿಜಾರಿನ ಲೆಕ್ಕ ಇನ್ನೂ ವಿಚಿತ್ರ. ಪೆಟ್ರೋಲ್ ಉಳಿಸಲು ಡ್ರೈವರುಗಳಿಗೆ ಗೊತ್ತಿದ್ದ ಹಳೆಯ ಉಪಾಯವೆಂದರೆ ಇಳಿಜಾರು ಬಂದ ಕೂಡಲೇ ನ್ಯೂಟ್ರಲ್‌ಗೆ ಹಾಕಿ ಗಾಡಿಯನ್ನು ಹಾಗೇ ಬಿಡುವುದು. ಇದ್ದಲ ಬಸ್ಸಿನಲ್ಲಿ ಇದು ತಿರುಗುಬಾಣ. ಎಂಜಿನ್ ಎಳೆದರೆ ತಾನೇ ಒಲೆಗೆ ಗಾಳಿ? ಇಳಿಜಾರಿನಲ್ಲಿ ಎಳೆತ ನಿಂತರೆ ಕೆಂಡ ಮಂಕಾಗಿ, ಮುಂದಿನ ಏರು ಬರುವಷ್ಟರಲ್ಲಿ ಗ್ಯಾಸ್ ಸತ್ತಿರುತ್ತಿತ್ತು. ಆಗ ಕ್ಲೀನರ್ ಮತ್ತೆ ಇಳಿದು ಫ್ಯಾನ್ ತಿರುಗಿಸಬೇಕು.

ಇಂಧನ ಉಳಿತಾಯದ ಚರಿತ್ರೆಯಲ್ಲಿ ಸಾಮಾನ್ಯವಾಗಿ ಮರೆಯುವವನು ಈ ಕ್ಲೀನರ್. ಲೆಕ್ಕದ ಪುಸ್ತಕದಲ್ಲಿ ಇದ್ದಲ ಬಸ್ಸು ಭಾರೀ ಲಾಭದ್ದು. ಒಂದೂವರೆ ಕಿಲೋ ಆಸುಪಾಸಿನ ಇದ್ದಲು ಒಂದು ಲೀಟರ್ ಪೆಟ್ರೋಲಿನ ಕೆಲಸ ಮಾಡುತ್ತಿತ್ತು. ಆದರೆ ಉಳಿದ ಪ್ರತಿ ಹನಿಯ ಬೆಲೆಯನ್ನೂ ಯಾರದೋ ರಟ್ಟೆ ತೆರುತ್ತಿತ್ತು. ದಿನಾ ಬೂದಿ ತೆಗೆಯಬೇಕು, ಜರಡಿಯ ಬಟ್ಟೆ, ನಾರು ಬಿಚ್ಚಿ ಒದರಬೇಕು, ಕೊಳವೆಗೆ ಅಂಟಿದ ಟಾರು ಕೆರೆಯಬೇಕು. ಎಲ್ಲಾದರೂ ಕೀಲು ಸಡಿಲವಾಗಿ ಗಾಳಿ ಒಳಹೊಕ್ಕರೆ ಗ್ಯಾಸ್ ಕೆಡುತ್ತದೆ. ಗ್ಯಾಸ್ ಹೊರಬಿದ್ದರೆ ವಾಸನೆಯೇ ಇಲ್ಲದ ವಿಷ, ಮುಚ್ಚಿದ ಶೆಡ್ಡಿನಲ್ಲಿ ಪ್ಲಾಂಟ್ ಹೊತ್ತಿಸಿದವನ ಪ್ರಾಣಕ್ಕೇ ಕುತ್ತು. ಕುಲುಮೆ ಕೆಲಸ, ಮೆಕ್ಯಾನಿಕ್ ಕೆಲಸ, ಕೂಲಿ ಕೆಲಸ ಮೂರೂ ಒಬ್ಬನ ತಲೆಗೇ ಬಂದಿದ್ದವು.

ಜರಡಿಯಲ್ಲಿ ಸೋಮಾರಿತನ ತೋರಿಸಿದರೆ ಅದರ ದಂಡ ಎಂಜಿನ್ನಿಗೆ. ನಯವಾದ ಬೂದಿ ಸಿಲಿಂಡರಿಗೆ ಹೋಗಿ ಎಣ್ಣೆಯೊಡನೆ ಕಲೆತು ಉಜ್ಜುವ ಪೇಸ್ಟಾಗುತ್ತಿತ್ತು. ಪಿಸ್ಟನ್ನಿನ ರಿಂಗು, ಬೋರು ಸವೆದು ಬಸ್ಸು ಆಯಿಲ್ ಕುಡಿಯಲು ಶುರುಮಾಡುತ್ತಿತ್ತು. ಹೆಡ್ ಬಿಚ್ಚಿ ಕಾರ್ಬನ್ ಕೆರೆಯುವುದು, ಪ್ಲಗ್ ಉಜ್ಜುವುದು, ಆಯಿಲ್ ಬದಲಾಯಿಸುವುದು ಪೆಟ್ರೋಲ್ ಬಸ್ಸಿಗೂ ಬೇಕಾದವೇ. ಇದ್ದಲ ಬಸ್ಸಿಗೆ ಇವು ಬೇಗ ಬೇಗ ಬೇಕಾಗುತ್ತಿದ್ದವು. ಆಗಿನ ಬಸ್ಸುಗಳೆಂದರೆ ಹೆಚ್ಚಾಗಿ ಫೋರ್ಡ್, ಷೆವ್ರೊಲೆ ಲಾರಿಯ ಅಡಿಗಟ್ಟಿನ ಮೇಲೆ ಊರ ಬಡಗಿ ಕಟ್ಟಿದ ಮರದ ಮೈ. ಯುದ್ಧದ ನಡುವೆ ಬಿಡಿಭಾಗ ತರಿಸುವುದು ಕನಸಿನ ಮಾತು. ಇದ್ದುದನ್ನೇ ರಿಪೇರಿ ಮಾಡುತ್ತ ಓಡಿಸಬೇಕಿತ್ತು.

ಮೈಸೂರು ಸೀಮೆಗೆ ಇದ್ದಲು ಹೊಸದಲ್ಲ ಎಂಬುದನ್ನೂ ಹೇಳಬೇಕು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಊದುಕುಲುಮೆ 1923ರಲ್ಲಿ ಹೊತ್ತಿದ್ದೇ ಮಲೆನಾಡಿನ ಮರದ ಇದ್ದಲಿನಿಂದ. ಪೆಟ್ರೋಲಿಗೆ ಇನ್ನೊಂದು ಬದಲಿಯೂ ಸೀಮೆಯಲ್ಲೇ ಇತ್ತು: ಮಂಡ್ಯದ ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಬಟ್ಟಿ ಇಳಿಸಿದ ಪವರ್ ಆಲ್ಕೋಹಾಲ್. ಅದನ್ನು ಪೆಟ್ರೋಲಿಗೆ ಬೆರೆಸುವ ವಿಚಾರ ಸ್ವಾತಂತ್ರ್ಯದ ನಂತರ 1948ರಲ್ಲಿ ದೇಶಕ್ಕೇ ಒಂದು ಕಾಯ್ದೆಯಾಯಿತು. ಕಾಯ್ದೆಯನ್ನು 2000ದಲ್ಲಿ ರದ್ದು ಮಾಡಿದರು. ತಮಾಷೆಯೆಂದರೆ ಅದಾದ ಕೆಲವೇ ವರ್ಷಗಳಲ್ಲಿ ಎಥೆನಾಲ್ ಎಂಬ ಹೆಸರಿನಲ್ಲಿ ಅದೇ ಸರಕು ಬಂಕಿಗೆ ಮರಳಿತು.

ಯುದ್ಧ ಮುಗಿದು ಪೆಟ್ರೋಲ್ ಸಿಗತೊಡಗಿದಾಗ ಗ್ಯಾಸ್ ಪ್ಲಾಂಟುಗಳು ಗುಜರಿಗೆ ಹೋದವು. ಯಾರೂ ಅತ್ತ ಹಾಗೆ ಕಾಣುವುದಿಲ್ಲ. 1948ರ ಸೆಪ್ಟೆಂಬರಿನಲ್ಲಿ ಮೈಸೂರು ಸರ್ಕಾರ 120 ಬಸ್ಸುಗಳಿಂದ ತನ್ನದೇ ಸಾರಿಗೆ ಇಲಾಖೆ ಆರಂಭಿಸಿತು; ಇಂದಿನ ಕೆಎಸ್‌ಆರ್‌ಟಿಸಿಯ ಬೇರು ಅದೇ. ಮುಂದಿನ ಕಾಲು ಶತಮಾನ ಇಂಧನ ಉಳಿಸುವ ಮಾತನ್ನು ಗಂಭೀರವಾಗಿ ಆಡಿದವರು ಕಡಿಮೆ.

1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ಎಣ್ಣೆಯನ್ನು ಅಸ್ತ್ರವಾಗಿಸಿದವು. ಸುಮಾರು 3 ಡಾಲರ್ ಇದ್ದ ಪೀಪಾಯಿಯ ಬೆಲೆ ಕೆಲವೇ ತಿಂಗಳಲ್ಲಿ 12ರ ಹತ್ತಿರ ಹೋಯಿತು. ಬೆಲೆಯೇರಿಕೆ ಖಂಡಿಸಿ ಅಟಲ್ ಬಿಹಾರಿ ವಾಜಪೇಯಿ ಆ ನವೆಂಬರಿನಲ್ಲಿ ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಬಂದರು. 1978ರಲ್ಲಿ ಕೇಂದ್ರ ಸರ್ಕಾರ ಪೆಟ್ರೋಲಿಯಂ ಉಳಿತಾಯಕ್ಕೆಂದೇ ಪಿಸಿಆರ್‌ಎ ಸಂಸ್ಥೆ ಕಟ್ಟಿತು. ಟೈರಿನ ಗಾಳಿ ನೋಡಿಕೊಳ್ಳಿ, 45ರಿಂದ 55 ಕಿಲೋಮೀಟರ್ ವೇಗ ಮೀರಬೇಡಿ, ಸಿಗ್ನಲ್ಲಿನಲ್ಲಿ ಎಂಜಿನ್ ನಿಲ್ಲಿಸಿ ಎಂಬ ಸಲಹೆಗಳು ಪತ್ರಿಕೆ, ರೇಡಿಯೋ, ಬಂಕಿನ ಗೋಡೆಗಳಲ್ಲಿ ಕಾಣತೊಡಗಿದ್ದು ಆಮೇಲೆಯೇ. ಅಂಬಾಸಡರ್, ಫಿಯಟ್ ಇಟ್ಟುಕೊಂಡವರು ಪಾಯಿಂಟ್ ಉಜ್ಜಿಸಿ, ಟ್ಯಾಪೆಟ್ ಸೆಟ್ ಮಾಡಿಸಿ, ಕಾರ್ಬುರೇಟರ್ ಟ್ಯೂನ್ ಮಾಡಿಸಿ ಮೈಲೇಜ್ ಹಿಂಡುತ್ತಿದ್ದರು. ಕೈಗುಣವುಳ್ಳ ಮೆಕ್ಯಾನಿಕ್ಕಿಗೆ ಊರಲ್ಲಿ ಡಾಕ್ಟರಷ್ಟೇ ಮರ್ಯಾದೆ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800, ಆಮೇಲೆ ಬಂದ ಫ್ಯುಯೆಲ್ ಇಂಜೆಕ್ಷನ್ ಈ ಕಸುಬಿನ ಬಹುಪಾಲನ್ನು ನುಂಗಿಹಾಕಿದವು. ನ್ಯೂಟ್ರಲ್ ಉಪಾಯಕ್ಕೂ ಅರ್ಥ ಉಳಿಯಲಿಲ್ಲ. ಇಂಜೆಕ್ಷನ್ ಗಾಡಿ ಗೇರಿನಲ್ಲೇ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟರೆ ಇಂಧನವನ್ನು ತಾನೇ ನಿಲ್ಲಿಸುತ್ತದೆ. ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ ಆರದಂತೆ ನೋಡಿಕೊಳ್ಳಲು ಮತ್ತೆ ಹನಿಸುತ್ತದೆ. ಮಿಗಿಲಾಗಿ, ಇಳಿಜಾರಿನಲ್ಲಿ ಎಂಜಿನ್ನಿನ ಹಿಡಿತ ತಪ್ಪಿ ಎಲ್ಲ ಭಾರ ಬ್ರೇಕಿನ ಮೇಲೆ. ಆದರೂ ಘಾಟಿ ಇಳಿಯುವಾಗ ನ್ಯೂಟ್ರಲ್‌ಗೆ ಕೈ ಹಾಕುವ ಹಿರಿಯರು ಇನ್ನೂ ಸಿಗುತ್ತಾರೆ.

ಇದ್ದಲ ಬಸ್ಸಿನ ವಿದ್ಯೆ ಪೂರ್ತಿ ಅಳಿಯಲಿಲ್ಲ, ಬಸ್ಸಿನಿಂದ ಇಳಿಯಿತು ಅಷ್ಟೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ ಮತ್ತು ಸಂಗಡಿಗರು 1974ರಲ್ಲಿ ಹಳ್ಳಿಗಳ ತಂತ್ರಜ್ಞಾನಕ್ಕೆಂದು ‘ಅಸ್ತ್ರ’ ಎಂಬ ಕೇಂದ್ರ ತೆರೆದಿದ್ದರು. ಅಲ್ಲಿನವರು ಸೌದೆ ಗ್ಯಾಸಿನ ಪ್ಲಾಂಟನ್ನು 1988ರಲ್ಲಿ ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ ನಿಲ್ಲಿಸಿ, ಕರೆಂಟೇ ಕಾಣದ ಊರಿಗೆ ದೀಪ ಕೊಟ್ಟರು. ಎಂಜಿನ್ ಡೀಸೆಲಿನದು. ಅದಕ್ಕೆ ಕಿಡಿ ಕೊಡುವ ಪ್ಲಗ್ ಇಲ್ಲದ್ದರಿಂದ ಗ್ಯಾಸ್ ಹೊತ್ತಿಸಲು ಸ್ವಲ್ಪ ಡೀಸೆಲ್ ಬೇಕೇ ಬೇಕು. ಉಳಿದದ್ದನ್ನು ಊರ ಪಕ್ಕದಲ್ಲೇ ಬೆಳೆಸಿದ ಮರ ನೋಡಿಕೊಳ್ಳುತ್ತಿತ್ತು. ಸೌದೆ ತುಂಡು ಮಾಡಿ ತುಂಬುವುದು, ಬೂದಿ ತೆಗೆಯುವುದು, ಜರಡಿ ತೊಳೆಯುವುದು ಇಲ್ಲೂ ತಪ್ಪಲಿಲ್ಲ. ವ್ಯತ್ಯಾಸ ಒಂದೇ: ಇಲ್ಲಿ ಆ ಕೆಲಸ ಮಾಡುವವರಿಗೆ ತರಬೇತಿ ಕೊಟ್ಟು, ಅವರ ಸಂಬಳವನ್ನೂ ಕರೆಂಟಿನ ಖರ್ಚಿನ ಲೆಕ್ಕಕ್ಕೆ ಸೇರಿಸಿದ್ದರು.