ಎರಡು ಡಬ್ಬಿಗಳ ಚರಿತ್ರೆ

ಹೊಳೆನರಸೀಪುರದ ನಮ್ಮ ಗ್ರಂಧಿಗೆ ಅಂಗಡಿ ತಾತನ ಕಾಲದ್ದು. ಅರಕಲಗೂಡು, ಚನ್ನರಾಯಪಟ್ಟಣ ಕಡೆಯ ನಾಟಿ ವೈದ್ಯರೂ ಸಾಮಾನಿಗೆ ಇಲ್ಲಿಗೆ ಬರುತ್ತಿದ್ದರು. ಅವರ ಚೀಟಿಯಲ್ಲಿ ಅಶ್ವಗಂಧ, ಶತಾವರಿ ಜೊತೆಗೆ ನಸುಗುನ್ನಿ ಬೀಜವೂ ಇರುತ್ತಿತ್ತು. ಬೇಲಿಗೆ ಹಬ್ಬುವ ಬಳ್ಳಿ ಅದು. ಕಾಯಿಯ ಮೇಲಿನ ಕಂದು ಸುಣೆ ತಾಗಿದರೆ ಕೆರೆದೂ ಕೆರೆದೂ ಸಾಕಾಗುತ್ತದೆ. ಹಳ್ಳಿಯವರು ಸಗಣಿ ಬಳಿದುಕೊಂಡು ಸುಧಾರಿಸಿಕೊಳ್ಳುತ್ತಿದ್ದರು. ಬೀಜವನ್ನು ಹಸುವಿನ ಹಾಲಿನಲ್ಲಿ ಬೇಯಿಸಿ, ಸಿಪ್ಪೆ ತೆಗೆದು, ಒಣಗಿಸಿ ಪುಡಿ ಮಾಡಿದರೆ ಶೋಧನೆ ಆದಂತೆ.

ಆಗ ಅದನ್ನು ಒಯ್ಯುತ್ತಿದ್ದವರು ಬಹುಪಾಲು ಮಕ್ಕಳಾಗದವರು, ನಿಶ್ಶಕ್ತಿ ಎನ್ನುವವರು. ಚರಕ, ಸುಶ್ರುತ ಸಂಹಿತೆಗಳಲ್ಲೂ ಕಪಿಕಚ್ಛು ಎಂದು ಕರೆಯುವ ಈ ಬೀಜಕ್ಕೆ ದೊಡ್ಡ ಹೆಸರು ಬಂದದ್ದು ವಾಜೀಕರಣದಿಂದ. "ಶೆಟ್ರೇ, ನಮ್ಮಯ್ಯಂಗೆ ಕೈ ನಡುಕ, ಹೆಜ್ಜೆ ಕೀಳಕ್ಕೇ ಆಗಲ್ಲ" ಎಂದು ಬಂದವರಿಗೆ ನಮ್ಮಪ್ಪ ಕೊಡುತ್ತಿದ್ದದ್ದು ಮಹಾನಾರಾಯಣ ತೈಲ. ನಡುಕದ ಔಷಧ ಪಕ್ಕದ ಡಬ್ಬಿಯಲ್ಲೇ ಇತ್ತು ಎಂಬುದು ಅವರಿಗೆ ಗೊತ್ತಿರಲಿಲ್ಲ.

ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಈ ನಡುಕದ ಕಾಯಿಲೆಯನ್ನು ವಿವರಿಸಿದ್ದು 1817ರಲ್ಲಿ. 1937ರಲ್ಲಿ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ನಸುಗುನ್ನಿ ಬೀಜದಿಂದ ಎಲ್-ಡೋಪಾ (ಲೆವೊಡೋಪಾ) ಎಂಬ ವಸ್ತುವನ್ನು ಬೇರ್ಪಡಿಸಿದರು. ಅದಕ್ಕೂ ನಡುಕಕ್ಕೂ ಇರುವ ನಂಟು ಆಗ ಯಾರಿಗೂ ಹೊಳೆದಿರಲಿಲ್ಲ. ನಂಟು ಕಂಡದ್ದು ನಮ್ಮ ಅಂಗಡಿಯ ಇನ್ನೊಂದು ಡಬ್ಬಿಯಿಂದ, ಸರ್ಪಗಂಧಿ ಬೇರಿನಿಂದ. ಆ ಬೇರಿನಲ್ಲಿರುವ ರಿಸರ್ಪಿನ್ ಕೊಟ್ಟ ಮೊಲಗಳು ಅಲ್ಲಾಡದೆ ಮುದುರಿ ಕುಳಿತವು. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಅವಕ್ಕೆ ಡೋಪಾ ಚುಚ್ಚಿದಾಗ ಎದ್ದು ಓಡಾಡಿದವು. 1960ರಲ್ಲಿ ವಿಯೆನ್ನಾದ ಹಾರ್ನಿಕೀವಿಚ್ ಮತ್ತು ಅವರ ಜೊತೆಗಾರರು, ಸತ್ತ ರೋಗಿಗಳ ಮಿದುಳಿನಲ್ಲಿ ಡೋಪಮೈನ್ ತೀರಾ ಕಡಿಮೆ ಇರುವುದನ್ನು ಅಳೆದು ತೋರಿಸಿದರು.

ಮುಂದಿನದೆಲ್ಲ ನಮ್ಮಂಥವರಿಗೆ ಅರ್ಥವಾಗುವ ಮಾತು, ತಕ್ಕಡಿಯ ಮಾತು. ಚೂರುಪಾರು ಡೋಪಾ ಕೊಟ್ಟವರಿಗೆ ಒಮ್ಮೆ ಗುಣ ಕಂಡರೆ ಇನ್ನೊಮ್ಮೆ ಇಲ್ಲ. 1967ರಲ್ಲಿ ಅಮೆರಿಕದ ಜಾರ್ಜ್ ಕೋಟ್ಸಿಯಾಸ್ ಪ್ರಮಾಣವನ್ನು ಮೆಲ್ಲಗೆ ಏರಿಸುತ್ತಾ ದಿನಕ್ಕೆ ಹಲವು ಗ್ರಾಮಿಗೆ ಒಯ್ದ ಮೇಲೆಯೇ ರೋಗಿಗಳು ಎದ್ದು ನಡೆದದ್ದು. ನಸುಗುನ್ನಿಯದೂ ಅದೇ ಕಥೆ. ಆಯುರ್ವೇದದಲ್ಲಿ ಈ ಪುಡಿಯ ವಾಡಿಕೆಯ ಪ್ರಮಾಣ 3ರಿಂದ 6 ಗ್ರಾಂ. 2004ರಲ್ಲಿ ಲಂಡನ್ನಿನಲ್ಲಿ 8 ಮಂದಿಯ ಮೇಲೆ ನಡೆದ ಪರೀಕ್ಷೆಯಲ್ಲಿ ಡೋಪಾ ಮಾತ್ರೆಗಿಂತ ಬೇಗ ಕೆಲಸ ಮಾಡಿದ್ದು 30 ಗ್ರಾಂ. ಅಜ್ಜಂದಿರಿಗೆ ಎಲ್ಲ ಮೊದಲೇ ತಿಳಿದಿತ್ತು ಎಂದು ಎದೆ ತಟ್ಟಿಕೊಳ್ಳುವವರು ಈ ಎರಡು ತೂಕಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

ಡೋಪಾ ಮಿದುಳಿಗೆ ಹೋಗಿ ಡೋಪಮೈನ್ ಆಗಬೇಕು. ಆ ಸುತ್ತು ಬಿಟ್ಟು, ಡೋಪಮೈನ್ ಕೂರುವ ಗ್ರಾಹಕಕ್ಕೇ ನೇರವಾಗಿ ಅಂಟುವ ಮದ್ದು ಬೇರೆ ಕಡೆಯಿಂದ ಬಂತು. ಕಾಳಿಗೆ ತಗಲುವ ಎರ್ಗಟ್ ಬೂಷ್ಟಿನ ಸಾರದಿಂದ ಸ್ವಿಟ್ಜರ್ಲೆಂಡಿನ ಸ್ಯಾಂಡೋಜ್ ಕಂಪನಿ ಮಾಡಿದ ಬ್ರೋಮೋಕ್ರಿಪ್ಟೀನ್ ಹಾಲೂಡಿಸುವ ಹಾರ್ಮೋನ್ ಪ್ರೊಲ್ಯಾಕ್ಟಿನ್ನನ್ನು ತಗ್ಗಿಸಲು ಇದ್ದದ್ದು. ಆ ಹಾರ್ಮೋನಿಗೆ ಕಡಿವಾಣ ಹಾಕುವುದೂ ಡೋಪಮೈನೇ. 1974ರಲ್ಲಿ ಡೊನಾಲ್ಡ್ ಕಾಲ್ನ್ ಅದನ್ನು ನಡುಕದವರಿಗೆ ಕೊಟ್ಟು ನೋಡಿದರು. ಅದೇ ವರ್ಷ ಬೆಂಗಳೂರಿನಲ್ಲಿ ನಿಮ್ಹಾನ್ಸ್ ಆಯಿತು. ನಡುಕಕ್ಕೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ಡಾ. ಆರ್. ಎಂ. ವರ್ಮ ಅದರ ಮೊದಲ ನಿರ್ದೇಶಕರು. ಕ್ರಮೇಣ ನಮ್ಮ ಗಿರಾಕಿಗಳ ಜೇಬಿನಲ್ಲೂ ನಿಮ್ಹಾನ್ಸ್ ಚೀಟಿ ಕಾಣತೊಡಗಿತು.

ಈಗಿನ ಸುದ್ದಿ ಸಕ್ಕರೆ ಕಾಯಿಲೆಯ ಇಂಜೆಕ್ಷನ್ನಿನದು. ಕರುಳಿನ ಜಿಎಲ್‌ಪಿ-1 ಹಾರ್ಮೋನಿನ ಗ್ರಾಹಕವನ್ನು ಕೆಣಕುವ ಈ ಔಷಧಗಳು ನರಕೋಶ ಸಾಯುವುದನ್ನೇ ತಡೆದಾವು ಎಂಬ ಆಸೆ ಹುಟ್ಟಿತು. 2017ರಲ್ಲಿ ಲಂಡನ್ನಿನಲ್ಲಿ 62 ಮಂದಿಗೆ ಎಕ್ಸೆನಟೈಡ್ ಪರೀಕ್ಷಿಸಿದಾಗ ಗುಣ ಕಂಡಿತು. 2024ರಲ್ಲಿ ಫ್ರಾನ್ಸಿನ 156 ಮಂದಿಯ ಪರೀಕ್ಷೆಯಲ್ಲಿ ಲಿಕ್ಸಿಸೆನಟೈಡ್ ತುಸು ಗೆದ್ದಿತು, ಹಲವರಿಗೆ ಹೊಟ್ಟೆ ತೊಳಸಿತು. 2025ರಲ್ಲಿ ಎಕ್ಸೆನಟೈಡನ್ನೇ 194 ಮಂದಿಯ ಮೇಲೆ 96 ವಾರ ಪರೀಕ್ಷಿಸಿದಾಗ ಏನೂ ಪ್ರಯೋಜನ ಕಾಣಲಿಲ್ಲ. ಚಿಕ್ಕ ತಕ್ಕಡಿಯಲ್ಲಿ ಸರಿ ಬಂದದ್ದು ದೊಡ್ಡದರಲ್ಲಿ ಬರಲಿಲ್ಲ.

ಹಾಗಾಗಿ ನಸುಗುನ್ನಿ ಕೇಳಿ ಬಂದವರ ಹತ್ತಿರ ನಾನು ಮೊದಲು ಡಾಕ್ಟರ ಚೀಟಿ ಇಸಿದುಕೊಳ್ಳುತ್ತೇನೆ. ಅದರಲ್ಲಿ ಲೆವೊಡೋಪಾ ಮಾತ್ರೆ ಇದ್ದರೆ ಬೀಜ ಕೊಡುವುದಿಲ್ಲ. ಎರಡೂ ಒಂದೇ ವಸ್ತು. ಮಿತಿ ಮೀರಿದರೆ ನಡುಕ ಹೋಗಿ ಕೈಕಾಲು ತಾವಾಗಿ ತಿರುಚಾಡತೊಡಗುತ್ತವೆ. ಬೀಜದಿಂದ ಬೀಜಕ್ಕೆ ಡೋಪಾ ಎಷ್ಟಿದೆ ಎಂಬುದೂ ಒಂದೇ ಸಮ ಇರುವುದಿಲ್ಲ, ಅದನ್ನು ಅಳೆಯಲು ನನ್ನ ತಕ್ಕಡಿಗೆ ಬರುವುದಿಲ್ಲ. "ಗಿಡಮೂಲಿಕೆ ತಾನೇ, ಏನಾಗುತ್ತೆ ಶೆಟ್ರೇ?" ಎನ್ನುವವರಿಗೆ ಸರ್ಪಗಂಧಿಯ ಮೊಲಗಳ ಕಥೆ ಹೇಳುತ್ತೇನೆ. ಅದೂ ಗಿಡಮೂಲಿಕೆಯೇ.