ಕಾಡುಹೂವಿಗೂ ಒಂದು ಶಾಸನ

ಮಸ್ಕಿಯ ಬಂಡೆಗಲ್ಲಿನ ಶಾಸನ ಬೆಳಕಿಗೆ ಬಂದದ್ದು 1915ರಲ್ಲಿ. ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಕಣ್ಣಿಗೆ ಬಿದ್ದ ಆ ಬರಹದಲ್ಲಿ 'ದೇವಾನಾಂಪ್ರಿಯ' ಎಂಬ ಬಿರುದಿನ ಜೊತೆಗೆ 'ಅಶೋಕ' ಎಂಬ ಹೆಸರೂ ಇತ್ತು. ಅದುವರೆಗೆ ಸಿಕ್ಕಿದ್ದ ಬಂಡೆ, ಕಂಬಗಳ ಶಾಸನಗಳಲ್ಲಿ ಬಿರುದುಗಳಷ್ಟೇ ಇದ್ದವು. ಅವು ಯಾರವು ಎಂಬ ಸಂಶಯ ಒಂದು ಹೆಸರಿನಿಂದ ತೀರಿತು. ಊರೂರು ಸುತ್ತುತ್ತ ಮೊಬೈಲಿನಲ್ಲಿ ಕಾಡುಹೂವಿನ ಫೋಟೊ ತೆಗೆಯುವ ನಮಗೆಲ್ಲ ಇದರಲ್ಲೊಂದು ಪಾಠವಿದೆ.

ಹೂವು ಮೊದಲು ಕಾಗದಕ್ಕೆ ಇಳಿದದ್ದು ಕುಂಚದಿಂದ. 1840ರ ದಶಕದಲ್ಲಿ ಶಿವಮೊಗ್ಗದಲ್ಲಿದ್ದ ವೈದ್ಯ ಹ್ಯೂ ಕ್ಲೆಗಾರ್ನ್, ಮರಾಠಿ ಚಿತ್ರಕಾರರೊಬ್ಬರಿಂದ ದಿನಕ್ಕೊಂದು ಗಿಡದ ಚಿತ್ರ ಬರೆಸುತ್ತಿದ್ದರು. ಕ್ಯಾಮೆರಾ ನಮ್ಮ ಕಡೆ ಬಂದಾಗ ಮುಖ ಮಾಡಿದ್ದು ಕಲ್ಲಿನತ್ತ. ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಸೆರೆಹಿಡಿದರು. ಅಂಥ ನೆಗೆಟಿವ್‌ಗೆ ಬಹಳ ಹೊತ್ತು ಬೆಳಕು ಬೀಳಬೇಕು. ಗುಡಿ ಅಲುಗದೆ ನಿಲ್ಲುತ್ತದೆ, ಹೂವು ಗಾಳಿಗೆ ತಲೆಯಾಡಿಸುತ್ತದೆ. 35 ಮಿ.ಮೀ. ಕ್ಯಾಮೆರಾಗಳಿಗೆ ಕಿಲ್ಫಿಟ್ ಕಂಪನಿಯ ಮ್ಯಾಕ್ರೊ ಲೆನ್ಸ್ ಬಂದದ್ದು 1955ರಲ್ಲಿ. ಹಳ್ಳಿಯ ಕೈಗೆ ಆ ಸೌಕರ್ಯ ತಂದುಕೊಟ್ಟದ್ದು ಮೊಬೈಲು.

ಅದೇ ದಶಕದಲ್ಲಿ ಸಿಂಧನೂರು ಸೀಮೆಯ ನೆಲವೇ ಬದಲಾಯಿತು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿಯಿತು. ಎಡದಂಡೆ ಕಾಲುವೆಯ ನೀರು ಹರಿದಲ್ಲೆಲ್ಲ ಜೋಳ, ಸಜ್ಜೆ, ಹತ್ತಿಯ ಎರೆಹೊಲಗಳು ಭತ್ತದ ಗದ್ದೆಗಳಾದವು. ಆಂಧ್ರದಿಂದ ಬಂದ ರೈತರ ಕ್ಯಾಂಪ್‌ಗಳು ಎದ್ದವು. ಕೈಗೆ ನಾಲ್ಕು ಕಾಸು ಬಂತು, ಗುಳೆ ಹೋಗುವುದು ಕಡಿಮೆಯಾಯಿತು. ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಬದುಗಳು ಕಿರಿದಾದವು, ಕಳೆನಾಶಕ ಬಂತು. ಒಣನೆಲದ ಹೂಗಳು ರಸ್ತೆಬದಿ, ಹಳ್ಳದ ದಂಡೆ, ಗುಡಿ ಹಿಂದಿನ ಪಾಳುನೆಲಕ್ಕೆ ಸರಿದವು. ಅಲ್ಲೂ 1955ರಲ್ಲಿ ಪುಣೆಯಲ್ಲಿ ಗುರುತಿಸಲಾದ ಪಾರ್ಥೇನಿಯಂ, ನಮ್ಮವರು ಕಾಂಗ್ರೆಸ್ ಕಸ ಎನ್ನುವ ಗಿಡ, ಜಾಗ ಹಿಡಿದಿದೆ.

ಸಾಲಗುಂದದಂಥ ಊರಿನ ದಾರಿಯಲ್ಲಿ ಗಾಡಿ ನಿಲ್ಲಿಸಿ ಮೊಣಕಾಲೂರಿ ನೋಡಿದರೆ ಉಳಿದವರು ಕಾಣಿಸುತ್ತಾರೆ. ತುಂಬೆಯ ಬಿಳಿ ಎಸಳು ತುಟಿಯಂತೆ ಚಾಚಿರುತ್ತದೆ. ಎಕ್ಕೆಹೂವಿನ ನಡುವೆ ಕಿರೀಟವಿದೆ. ಸೈಕಲ್ ಟೈರಿಗೆ ಚುಚ್ಚುವ ನೆಗ್ಗಿನಮುಳ್ಳು ಮೊದಲು ಐದೆಸಳಿನ ಹಳದಿ ಹೂವಾಗಿರುತ್ತದೆ. ವಿಷ್ಣುಕ್ರಾಂತಿಯ ನೀಲಿ ಉಗುರಿನಷ್ಟೇ ಅಗಲ; ಮಧ್ಯಾಹ್ನದ ಹೊತ್ತಿಗೆ ಅದು ಮುಚ್ಚಿಕೊಳ್ಳುವುದರಿಂದ ಬೆಳಿಗ್ಗೆಯೇ ಹೋಗಬೇಕು. ತಂಗಡಿಯ ತೊಗಟೆಯಿಂದ ಚರ್ಮ ಹದ ಮಾಡುತ್ತಿದ್ದರು. ಆ ಹಳದಿ ಹೂವಿನ ಹಿಂದೆ ಒಂದು ಕಸುಬಿನ ಚರಿತ್ರೆಯೇ ಇದೆ.

ಕಾಲುವೆ ಬರುವ ಮುನ್ನ ಯಾವ ಬದುವಿನಲ್ಲಿ ಏನು ಅರಳುತ್ತಿತ್ತು ಎಂದು ಕಣ್ಣಾರೆ ಕಂಡವರಿಗೆ ಈಗ ಎಂಬತ್ತು ದಾಟಿದೆ. ಅವರೊಡನೆ ಗಿಡದ ಹೆಸರೂ ಹೋಗುತ್ತದೆ. ಪುಸ್ತಕದ ಲ್ಯಾಟಿನ್ ಹೆಸರನ್ನು ನಾಳೆಯೂ ಹುಡುಕಬಹುದು. ಅಜ್ಜಿ ಕರೆಯುವ ಹೆಸರನ್ನು ಇಂದೇ ಕೇಳಬೇಕು.

ಆದ್ದರಿಂದ ಫೋಟೊ ತೆಗೆಯುವಾಗ ಹೂವೊಂದೇ ಸಾಲದು. ಎಲೆ, ಕಾಯಿ, ಇಡೀ ಗಿಡ, ಅದು ನಿಂತ ನೆಲ ಎಲ್ಲವೂ ಬರಲಿ. ಅಳತೆಗೆ ಪಕ್ಕದಲ್ಲೊಂದು ನಾಣ್ಯವಿಡಿ. ಹೂವನ್ನು ಕೀಳಬೇಡಿ. ಊರು, ತಾರೀಖು, ಎರೆಯೋ ಮಸಾರಿಯೋ, ಗದ್ದೆಯೋ ಪಾಳೋ ಎಂದು ಬರೆದುಕೊಳ್ಳಿ. ಕುರಿ ಕಾಯುವವರಿಗೆ, ಕಳೆ ತೆಗೆಯುವ ಅವ್ವಂದಿರಿಗೆ ಫೋಟೊ ತೋರಿಸಿ ಹೆಸರು ಕೇಳಿ. ಇಬ್ಬರು ಎರಡು ಹೆಸರು ಹೇಳಿದರೆ ಎರಡನ್ನೂ ಬರೆಯಿರಿ.

ಹೆಸರು, ಊರು, ದಿನ ಇಲ್ಲದ ಫೋಟೊ ಚೆಂದವಾಗಿಯೇ ಇರುತ್ತದೆ, ಆದರೆ ಸಾಕ್ಷಿಯಾಗುವುದಿಲ್ಲ. ಐವತ್ತು ವರ್ಷದ ನಂತರ ಸಾಲಗುಂದದ ದಾರಿಯಲ್ಲಿ ಏನು ಅರಳುತ್ತಿತ್ತು ಎಂದು ಯಾರಾದರೂ ಕೇಳಿದರೆ, ಉತ್ತರ ನಮ್ಮ ಮೊಬೈಲುಗಳಲ್ಲೇ ಇರಬೇಕು.